ಹತ್ತು ಮಣಿ

ಇಸಳೂರಿನ ನಮ್ಮ ಪಕ್ಕದ ಮನೆಯ ಹುಡುಗಿ ಮನೆಯಲ್ಲೇ ಕೂತು ದೂರದ ಯಾವುದೋ ಕಂಪನಿಯ ಕಂಪ್ಯೂಟರುಗಳನ್ನು ಸರಿಮಾಡುತ್ತಿದ್ದಳು. ಹೇಗೆಂದು ನನಗೆ ಕೊನೆಗೂ ಅರ್ಥವಾಗಲಿಲ್ಲ. ನಮಾಜು ಮುಗಿಸಿದ ಮೇಲೂ ಅವಳ ಬೆರಳಲ್ಲಿ ತಸ್ಬಿ, ಅಂದರೆ ಅವರ ಜಪಮಾಲೆ, ಹಾಗೇ ಉಳಿದಿರುತ್ತಿತ್ತು. ನನ್ನ ಹಳೆಯ ಲ್ಯಾಪ್‌ಟಾಪ್ ಹ್ಯಾಂಗ್ ಆದಾಗಲೆಲ್ಲ ನಾನು ಅದನ್ನು ಕುಟ್ಟುತ್ತಿದ್ದೆ. ಅವಳು ಬೇಲಿಯಾಚೆಯಿಂದಲೇ ಕೂಗುತ್ತಿದ್ದಳು:

“ಟೀಚರ್, ಗಡಿಬಿಡಿ ಮಾಡ್ಬೇಡಿ. ಬಂದ್ ಮಾಡಿ, ಹತ್ತು ಮಣಿ ಎಣಿಸಿ, ಆಮೇಲೆ ಚಾಲೂ ಮಾಡಿ.”

“ನನ್ನ ಹತ್ರ ಮಣಿ ಎಲ್ಲಿದ್ದು ಮಾರಾಯ್ತಿ?”

“ನಿಮ್ಮ ದೇವ್ರ ಹೆಸ್ರು ಹತ್ತು ಸಲ ಹೇಳಿ. ಅದ್ಕೂ ಚಾಲೂ ಆಗ್ತದೆ.”

ಆಗುತ್ತಿತ್ತು.

ಅವಳ ಮದುವೆಗೆ ಒಂದು ತಿಂಗಳಿರುವಾಗ ಯಲ್ಲಾಪುರದಿಂದ ಅತ್ತೆಯಾಗುವವರು ಬಂದರು. ನಾನೂ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ.

“ಮದ್ವೆ ಆದ್ಮೇಲೆ ಈ ಕೆಲ್ಸ ಎಲ್ಲ ಬೇಡ ಬೇಟಿ,” ಎಂದರು ಅವರು.

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ಹಾಕಬೇಕೆನ್ನುವಷ್ಟರಲ್ಲಿ ಹುಡುಗಿ ಕಣ್ಣಲ್ಲೇ ನನ್ನನ್ನು ತಡೆದಳು. ಅವಳ ಬೆರಳಲ್ಲಿ ಮಣಿಗಳು ಒಂದೊಂದಾಗಿ ಜರುಗಿದವು. ನಾನೂ ಎಣಿಸಿದೆ. ಹತ್ತು.

“ಕೆಲ್ಸ ಬಿಡೋದಿಲ್ಲ ಅಮ್ಮಿ. ನಿಮ್ಮನೇಲಿ ಕೂತೂ ಮಾಡ್ತೇನೆ.”

ದನಿ ಚೂರೂ ಏರಿರಲಿಲ್ಲ. ಅತ್ತೆ ಕಪ್ಪು ಕೆಳಗಿಟ್ಟು, ಚೀಲದಿಂದ ಮೊಬೈಲ್ ತೆಗೆದು ಅವಳ ಮುಂದೆ ಹಿಡಿದರು.

“ಎರಡು ದಿನ ಆಯ್ತು, ಇದು ಹ್ಯಾಂಗ್ ಆಗಿದೆ.”

“ಬಂದ್ ಮಾಡಿ, ಹತ್ತು ಮಣಿ ಎಣಿಸಿ,” ಎಂದಳು ಅವಳು.

ಅತ್ತೆ ಮತ್ತೆ ಚೀಲಕ್ಕೆ ಕೈ ಹಾಕಿ, ತಮ್ಮ ತಸ್ಬಿ ಹೊರತೆಗೆದರು.