ಎರ್ಮೆತೆಯ ಬಸ್ಸಿನಲ್ಲಿ ಒಂದು ತಲೆ ಹೆಚ್ಚು

ಎರ್ಮೆತೆ ಫಬ್ರೋನಿ ತಲೆ ಎಣಿಸುವುದನ್ನು ಮೊದಲ ಸಲ ನೋಡಿದವರು ನಕ್ಕೇ ನಗುತ್ತಾರೆ. ಡ್ರೈವರ್ ಆದವನು ಸ್ಟೇರಿಂಗ್ ಹಿಡಿದು ಕೂರಬೇಕು. ಈ ಪುಣ್ಯಾತ್ಮ ಪ್ರತಿ ನಿಲುಗಡೆಯಲ್ಲೂ ಎದ್ದು, ತಲೆ ಕಂಡ ಕಡೆಯೆಲ್ಲ ಸೀಟಿನ ಬೆನ್ನು ತಟ್ಟುತ್ತ ಹಿಂದಿನ ಸಾಲಿನವರೆಗೆ ನಡೆಯುತ್ತಾನೆ. ವಾಪಸ್ ಬಂದು ಒಂದು ಸಂಖ್ಯೆ ಹೇಳುತ್ತಾನೆ. ಅದು ಯಾವಾಗಲೂ ಒಂದು ಹೆಚ್ಚು.

"ಏನಪ್ಪಾ, ಇವತ್ತೂ ಒಬ್ಬನ್ನ ಬಿಟ್ಟಿ ಹತ್ತಿಸ್ಕೊಂಡ್ಯಾ?" ಎಂದು ನಾನು ರೇಗಿಸುತ್ತೇನೆ.

"ಇರ್ಲಿ ಬಿಡೇ ನೀವೆಸ್, ಜಾಗ ಇದೆ," ಅನ್ನುತ್ತಾನೆ.

ಶಾಲಾ ಪ್ರವಾಸಗಳ ಜೊತೆ ಹೋಗಿ ಮಕ್ಕಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಬಾಯಿ ಜೋರು ಎಂದು ಎಲ್ಲರೂ ಹೇಳುತ್ತಾರೆ. ಜೋರು ಮಾಡದಿದ್ದರೆ ಒಳಗಿನ ನಡುಕ ಹೊರಗೆ ಕೇಳಿಬಿಡುತ್ತದೆ, ಅದಕ್ಕೇ.

ಹನ್ನೊಂದು ವರ್ಷದ ಹಿಂದಿನ ಮಾತು. ಫೆರಾರಾದ ಶಾಲಾ ಮಕ್ಕಳು ರವೆನ್ನಾ ಪಟ್ಟಣ ನೋಡಿಕೊಂಡು ಮನೆಗೆ ಹೊರಟಿದ್ದರು. ನವೆಂಬರಿನ ಮಂಜು, ಚಾಚಿದ ಕೈ ಕಾಣುತ್ತಿರಲಿಲ್ಲ. ಆರ್ಜೆಂತಾ ಹತ್ತಿರದ ಕಾಫಿ ಅಂಗಡಿಯಲ್ಲಿ ಹತ್ತು ನಿಮಿಷ ನಿಂತೆವು. ನಮ್ಮಲ್ಲಿ ಎಣಿಕೆ ಎಂದರೆ ಮಕ್ಕಳು ಕೂತಲ್ಲಿಂದಲೇ ತಮ್ಮ ತಮ್ಮ ನಂಬರು ಕೂಗುವುದು. ಹತ್ತೊಂಬತ್ತನೆಯವನು ಲಾಪೋ. ಅವನಿನ್ನೂ ಅಂಗಡಿಯಲ್ಲೇ ಇದ್ದ. ಗೆಳೆಯನೊಬ್ಬ ತಮಾಷೆಗೆ ಅವನ ಬದಲು "ಹತ್ತೊಂಬತ್ತು" ಎಂದು ಕೂಗಿದ. ನಾನು ಪಟ್ಟಿಯಿಂದ ತಲೆ ಎತ್ತದೆ ಗುರುತು ಹಾಕಿ "ಹೊರಡು" ಅಂದೆ. ಹುಡುಗ ನಮ್ಮ ಹಿಂದೆ ರಸ್ತೆಯಲ್ಲಿ ನಡೆದುಕೊಂಡು ಹೊರಟ. ಲಾರಿಯವನಿಗೆ ಅವನು ಕಾಣಲಿಲ್ಲ.

"ಎಣಿಸಿದ್ದು ಯಾರು?" ಎಂದು ಪೊಲೀಸರು ಕೇಳಿದರು. ನನ್ನ ಮಗಳಿಗಾಗ ಐದು ತಿಂಗಳು. ನನ್ನ ನಾಲಿಗೆ ಏಳಲಿಲ್ಲ. ಎರ್ಮೆತೆ ಒಮ್ಮೆ ನನ್ನ ಮುಖ ನೋಡಿ "ನಾನೇ" ಅಂದುಬಿಟ್ಟ. ಎರಡು ವರ್ಷ ಲೈಸೆನ್ಸ್ ಕಿತ್ತುಕೊಂಡರು. ಆ ಎರಡು ವರ್ಷ ಸಕ್ಕರೆ ಕಾರ್ಖಾನೆಯಲ್ಲಿ, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ತೊಳೆದ. ಇವತ್ತಿಗೂ ಕಾಫಿಗೆ ಸಕ್ಕರೆ ಹಾಕುವುದಿಲ್ಲ, ಆ ವಾಸನೆಯೇ ಬೇಡವಂತೆ. ಲಾಪೋನ ತಾಯಿ ಪ್ರತಿ ನವೆಂಬರಿನಲ್ಲಿ ಎರ್ಮೆತೆಗೆ ಕಾಗದ ಬರೆಯುತ್ತಾಳೆ. ಒಂದೇ ಸಾಲು: ನನ್ನ ಮಗನನ್ನು ಯಾಕೆ ಬಿಟ್ಟು ಬಂದೆ?

ಮೊನ್ನೆ ಬೆರ್ಗಮೋದ ನಲವತ್ತೆರಡು ಮಕ್ಕಳನ್ನು ರವೆನ್ನಾದಿಂದ ಮಾಂತೊವಾಗೆ ಕರೆದೊಯ್ಯುತ್ತಿದ್ದೆವು. ಮಧ್ಯೆ ಫೆರಾರಾದಲ್ಲಿ ಊಟ. ಅದೇ ರಸ್ತೆ, ಅದೇ ಮಂಜು. ಆ ಕಾಫಿ ಅಂಗಡಿಯಲ್ಲಿ ಎರ್ಮೆತೆ ಆಮೇಲೆ ಯಾವತ್ತೂ ನಿಲ್ಲಿಸಿದವನಲ್ಲ. ಒಬ್ಬ ಹುಡುಗ ವಾಂತಿ ಮಾಡಿಕೊಂಡಿದ್ದರಿಂದ ನಿಲ್ಲಿಸಲೇಬೇಕಾಯಿತು. ಹೊರಡುವಾಗ ಟೀಚರ್‌ಗೆ ಅವಸರ. "ಬೇಗ ಬೇಗ ನಂಬರ್ ಹೇಳ್ರೋ!" ಅಂದರು. ಮಕ್ಕಳು ಕೂಗಿದರು. ನಾನು, ಎದ್ದು ನೋಡಬೇಕಾಗಿದ್ದವಳು, ಕೂತಲ್ಲೇ ಕೇಳಿಸಿಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಲವತ್ತೆರಡು ಸರಿಹೋಯಿತು.

ಎರ್ಮೆತೆ ತನ್ನ ಸುತ್ತು ಮುಗಿಸಿ ಬಂದ. ಮುಖ ಬಿಳಿಚಿತ್ತು.

"ನೀವೆಸ್, ನಲವತ್ತೆರಡು."

"ನಂದೂ ನಲವತ್ತೆರಡೇ."

"ಎರಡು ಸಲ ಎಣಿಸ್ದೆ. ಲಾಪೋ ಹೋದ ಕಣೇ. ಇಲ್ಲೇ ಇಳ್ಕೊಂಡು ಹೋಗ್ಬಿಟ್ಟ." ತೋಳಿನಿಂದ ಕಣ್ಣು ಒರೆಸಿಕೊಂಡು ಬಸ್ಸು ಹೊರಡಿಸಿದ.

ಸ್ವಲ್ಪ ಹೊತ್ತಿಗೆ ಏನನ್ನೋ ಗುನುಗತೊಡಗಿದ. ಹನ್ನೊಂದು ವರ್ಷದಲ್ಲಿ ಕೇಳಿರಲಿಲ್ಲ. ನನಗೂ ಮನಸ್ಸು ಹಗುರಾಯಿತು, ಸುಳ್ಳು ಯಾಕೆ ಹೇಳಲಿ. ಹುಡುಗ ಹೋದನೆಂದರೆ ನನ್ನ ಸಾಲವೂ ತೀರಿತು ಅಂದುಕೊಂಡೆ. ಆಮೇಲೆ ಲೆಕ್ಕ ಹೊಳೆಯಿತು. ಇವನ ಲೆಕ್ಕ ಎಂದೂ ಒಂದು ಹೆಚ್ಚು. ಲಾಪೋ ಇಳಿದೇ ಇಲ್ಲದಿದ್ದರೆ? ಆಗ ಬಸ್ಸಿನಲ್ಲಿರುವುದು ನಲವತ್ತೊಂದೇ.

ಹಿಂದಕ್ಕೆ ಓಡಿದೆ. ಕೊನೆಯಿಂದ ಎರಡನೆಯ ಸಾಲಿನ ಒಂದು ಸೀಟಿನಲ್ಲಿ ಬರೀ ಕೋಟು ಬಿದ್ದಿತ್ತು.

"ಈ ಸೀಟಿನವಳು ಎಲ್ಲೇ?" ಎಂದು ಪಕ್ಕದ ಹುಡುಗಿಯನ್ನು ಕೇಳಿದೆ.

"ಓರ್ನೆಲ್ಲಾನಾ? ಮುಂದೆ ಕೂತಿಲ್ವಾ ಮೇಡಂ? ಟೀಚರ್ ಬೈತಾರೆ ಅಂತ ಅವಳ ನಂಬರ್ ನಾನೇ ಕೂಗ್ದೆ."

"ಎರ್ಮೆತೆ, ತಿರುಗ್ಸು! ಒಂದು ಹುಡುಗಿ ಅಲ್ಲೇ ಉಳ್ಕೊಂಡಿದೆ!"

ಅವನು ತಕ್ಷಣ ಬಸ್ಸು ತಿರುಗಿಸಿದ. ಕನ್ನಡಿಯಲ್ಲಿ ಅವನ ಮುಖ ಕಂಡಿತು. ಅದನ್ನು ನಾನು ಸಾಯುವವರೆಗೆ ಮರೆಯಲಾರೆ. ಟೀಚರ್ ಅಂಗಡಿಗೆ ಫೋನ್ ಮಾಡಿದರೆ, ಹುಡುಗಿ ಆಗಲೇ ನಡೆದುಕೊಂಡು ಹೊರಟಳು ಎಂದರು. ಬಸ್ಸು ತೆವಳುತ್ತ ಹಿಂದಕ್ಕೆ ಬಂತು. ಎರ್ಮೆತೆ ಹಾರನ್ನಿನಿಂದ ಕೈ ತೆಗೆಯಲಿಲ್ಲ. ತೆರೆದ ಬಾಗಿಲಲ್ಲಿ ಮಕ್ಕಳು "ಓರ್ನೆಲ್ಲಾ, ಓರ್ನೆಲ್ಲಾ" ಎಂದು ಅಳುತ್ತ ಕೂಗುತ್ತಿದ್ದರು. ಮಂಜಿನೊಳಗೆ ನೆಲದ ಹತ್ತಿರ ಒಂದು ಸಣ್ಣ ಬೆಳಕು ಅಲ್ಲಾಡಿತು. ಹುಡುಗಿ ಫೋನಿನ ಟಾರ್ಚ್ ಹಿಡಿದು ರಸ್ತೆಯ ಅಂಚಿನಲ್ಲಿ ನಡೆದು ಬರುತ್ತಿದ್ದಳು.

ಎರ್ಮೆತೆ ಇಳಿದು ತನ್ನ ಜಾಕೀಟು ಬಿಚ್ಚಿ ಅವಳಿಗೆ ಹೊದಿಸಿದ. ಅವಳನ್ನು ಹತ್ತಿಸಿದ ಮೇಲೆ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತುಬಿಟ್ಟ.

"ಅವನು ಹೋಗಿಲ್ಲ ನೀವೆಸ್. ಬಸ್ಸಲ್ಲೇ ಕೂತಿದ್ದ."

"ಹೂಂ."

"ಇನ್ನೆಷ್ಟು ವರ್ಷ ಅಂತ ನಾನೊಬ್ನೇ ಎಣಿಸ್ಲಿ?"

ಹನ್ನೊಂದು ವರ್ಷದಲ್ಲಿ ಅವನು ನನ್ನನ್ನು ಕೇಳಿದ್ದು ಇದೊಂದೇ. ಅವನ ಕೈ ಹಿಡಿದು ಎಬ್ಬಿಸಿದೆ.

ಫೆರಾರಾದಲ್ಲಿ ಮಕ್ಕಳು ಊಟಕ್ಕೆ ಹೋದರು. ನಾನು ಲಾಪೋನ ತಾಯಿಯ ಕಾಗದಗಳ ಹಿಂದಿದ್ದ ವಿಳಾಸಕ್ಕೆ ಹೋದೆ. ಎರಡು ಮಹಡಿ ಹತ್ತಿ ಗಂಟೆ ಒತ್ತಿದೆ.

"ಯಾರದು?" ಒಳಗಿನಿಂದ ಹೆಂಗಸಿನ ದನಿ.

ಓಡಿಹೋಗಬಹುದಿತ್ತು. ಮೆಟ್ಟಿಲು ಹಿಂದೆಯೇ ಇತ್ತು.

"ನಾನು ನೀವೆಸ್ ಅಂತ. ಅವತ್ತು ಬಸ್ಸಲ್ಲಿ ಎಣಿಸಿದ್ದು ಡ್ರೈವರ್ ಅಲ್ಲಮ್ಮ. ನಾನು."

ಒಳಗಿನಿಂದ ಚಿಲಕ ಸರಿಯಿತು.