ಆಕಾಶದಲ್ಲಿ ಬಿಸಿನೀರು

ಪಕ್ಕದ ಮನೆಯ ಮಾವನ ಎರಡೂ ಮೊಣಕಾಲುಗಳ ಮೇಲೆ ಅಂಗೈಯಗಲದ ಕಪ್ಪು ಜಡ್ಡು ಇತ್ತು. ಪಂಚೆ ಎತ್ತಿ ಕಟ್ಟಿ ಜಗಲಿಯ ಮೇಲೆ ಕೂತರೆ ಅದು ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತಿತ್ತು. ಸೇಲಂ ಸೀಮೆಯ ನಂಗವಳ್ಳಿಯಿಂದ ಅದೇ ಸೀಮೆಯ ಕಡಯಂಪಟ್ಟಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ಇವರು ಯಾವುದೋ ಹರಕೆಗೆ ಬೆಟ್ಟವನ್ನು ಮೊಣಕಾಲಲ್ಲೇ ಹತ್ತಿದವರಿರಬೇಕು ಎಂದುಕೊಂಡಿದ್ದೆ. ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಹಾಗೆಂದು ಹೇಳಿದಾಗ ಅತ್ತೆ ನಕ್ಕುಬಿಟ್ಟರು. ಅದು ವಿಮಾನದ ಜಡ್ಡಂತೆ. ಮದ್ರಾಸಿನ ವಿಮಾನ ನಿಲ್ದಾಣದಲ್ಲಿ ಮಾವ ವಿಮಾನ ಕಂಪನಿಯ ಎಲೆಕ್ಟ್ರಿಷಿಯನ್ ಆಗಿದ್ದರು. ಪ್ರಯಾಣಿಕರ ಸೀಟುಗಳ ನಡುವೆ ಮೊಣಕಾಲೂರಿ ತಂತಿ ಹುಡುಕುವುದರಲ್ಲೇ ಅವರ ಆಯುಸ್ಸು ಕಳೆದಿತ್ತು. ರಿಟೈರ್ ಆಗಿ ಊರಿಗೆ ಬಂದ ಮೇಲೂ, ಯಾರ ಮನೆಗೆ ಹೋದರೂ ಕೂರುವ ಮೊದಲು ಕುರ್ಚಿಯ ಅಡಿಯನ್ನೊಮ್ಮೆ ಬಗ್ಗಿ ನೋಡುತ್ತಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನನ್ನ ಗಂಡ ಮಸ್ಕತ್ತಿನ ಒಂದು ಕಂಪನಿಯಲ್ಲಿ ಮೆಕ್ಯಾನಿಕ್. ಮಗಳು ಹುಟ್ಟಿದಾಗ ಅವರಿಗೆ ರಜೆ ಸಿಗಲಿಲ್ಲ. ಫೋಟೋದಲ್ಲಿ ಮಾತ್ರ ನೋಡಿದ್ದರು. ಅವಳಿಗೆ ಹತ್ತು ತಿಂಗಳಾಗುವ ಹೊತ್ತಿಗೆ, ಮೂರು ತಿಂಗಳು ಬಂದಿದ್ದು ಹೋಗಲು ನಮಗೆ ವೀಸಾ ಸಿಕ್ಕಿತು. ಎಲ್ಲರೂ ಹಿಗ್ಗಿದರು. ನಾನು ಮಾತ್ರ ಹೋಗುವುದಿಲ್ಲ ಎಂದೆ. ಸೇಲಂ ಜಂಕ್ಷನ್ ದಾಟಿ ಒಬ್ಬಳೇ ಎಲ್ಲಿಗೂ ಹೋದವಳಲ್ಲ. ಮಗುವಿಗೆ ಪುಡಿಹಾಲು, ಗಂಟೆಗಂಟೆಗೂ ಬಿಸಿನೀರು ಬೇಕು. ಆಕಾಶದಲ್ಲಿ ಒಲೆ ಯಾರು ಹಚ್ಚಿಕೊಡುತ್ತಾರೆ? ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ನಮ್ಮ ಮನೆಯಲ್ಲಿ ಗ್ರೈಂಡರ್ ತಿರುಗುವಾಗ ಮೋಟಾರ್ ಹಾಕಿದರೆ ಫ್ಯೂಸ್ ಹೋಗುತ್ತಿತ್ತು. ವಿಮಾನದಲ್ಲಿ ಅಷ್ಟು ಜನ ಒಟ್ಟಿಗೆ ಲೈಟು ಹಾಕಿದರೆ?

ಈ ಮಾತು ಗೋಡೆಯಾಚೆ ಮಾವನ ಕಿವಿಗೆ ಬಿತ್ತು. ಅವರು ನಗಲಿಲ್ಲ. ಮರುದಿನ ಬೆಳಿಗ್ಗೆ ತಮ್ಮ ಜಗಲಿಗೆ ಕರೆದರು. ಅಲ್ಲಿ ಒಂದು ಈಸಿಚೇರು, ಅದರ ತಲೆಯ ಮೇಲೆ ತೊಲೆಗೆ ಕಟ್ಟಿದ ಪುಟ್ಟ ಬಲ್ಬು, ತೋಳಿನ ಮೇಲೆ ಎರಡು ಗುಂಡಿ. ಪಕ್ಕದಲ್ಲಿ ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲು. ಪೆಡಲನ್ನು ಕೈಯಲ್ಲಿ ತಿರುವಿದರು. ಡೈನಮೋ ಗುರ್ ಎಂದಿತು, ಬಲ್ಬು ಹತ್ತಿತು.

“ಇಷ್ಟೇ ಕಣಮ್ಮ. ಒಂದೊಂದು ಇಂಜಿನ್ನಿಗೂ ಇಂಥದೇ ಒಂದು ಜನರೇಟರ್ ಐತೆ. ಅದು ತಿರುಗೋಗಂಟ ನಿನಗೆ ಕರೆಂಟೂ ಐತೆ, ಬಿಸಿನೀರೂ ಐತೆ,” ಎಂದರು.

ಆಮೇಲೆ ಒಂದೊಂದಾಗಿ ಹೇಳಿದರು. ಊರಿನ ಕರೆಂಟು ಸೆಕೆಂಡಿಗೆ ಐವತ್ತು ಸಲ ಹಿಂದುಮುಂದಾಗುತ್ತದಂತೆ, ವಿಮಾನದ್ದು ನಾನೂರು ಸಲ. ಹಾಗಾಗಿ ಅಲ್ಲಿಯ ಯಂತ್ರಗಳು ಚಿಕ್ಕವು, ಹಗುರ. ಎಲ್ಲಕ್ಕಿಂತ ಹೊಟ್ಟೆಬಾಕ ಎಂದರೆ ಅಡುಗೆಮನೆ: ಊಟ ಬಿಸಿ ಮಾಡುವ ಪೆಟ್ಟಿಗೆಗಳು, ಕಾಫಿಯ ಪಾತ್ರೆಗಳು. ಒಂದು ಜನರೇಟರ್ ಕೈಕೊಟ್ಟರೆ ಮೊದಲು ಅಡುಗೆಮನೆಯ ಕರೆಂಟನ್ನೇ ಕತ್ತರಿಸುತ್ತಾರೆ. ಓಡಿಸುವವರಿಗೆ ಬೇಕಾದ್ದನ್ನು ಮುಟ್ಟುವುದಿಲ್ಲ. ನೂರು ಜನ ಲೈಟು ಹಾಕಿದರೂ ಅದಕ್ಕೆ ಲೆಕ್ಕವಿಲ್ಲ. ಸೀಟಿನಲ್ಲಿ ಕೂತು ಹಾಡು ಕೇಳಲು ಕಿವಿಗೆ ಸಿಕ್ಕಿಸಿಕೊಳ್ಳುವುದು ಡಾಕ್ಟರು ಎದೆ ನೋಡುವ ಕೊಳವೆಯಂಥದು. ಹೊರಡುವ ಮುನ್ನ ಕರೆಂಟು ನೆಲದಿಂದಲೋ ಬಾಲದಲ್ಲಿರುವ ಪುಟ್ಟ ಇಂಜಿನ್ನಿಂದಲೋ ಬರುತ್ತದೆ; ದೊಡ್ಡ ಇಂಜಿನ್ನಿಗೆ ಬದಲಾಯಿಸುವಾಗ ಲೈಟು ಒಮ್ಮೆ ಮಿಣುಕುತ್ತದೆ. “ಆವಾಗ ಎದರಬೇಡ. ಅದು ಕೆಡೋದಲ್ಲ, ಕೈ ಬದಲಾಯಿಸೋದು,” ಎಂದರು.

ಅತ್ತೆಯೇ ಗಗನಸಖಿ. ನಾನು ಗುಂಡಿ ಒತ್ತಿದರೆ ಗಂಟೆ ಹೊಡೆಯಬೇಕು, ಅವರು ಒಳಗಿನಿಂದ ಬಿಸಿನೀರಿನ ಲೋಟ ತರಬೇಕು. ನಾನು ಇಂಗ್ಲಿಷಿನಲ್ಲಿ ಕೇಳಬೇಕು. ಮೂರನೆಯ ಸಲ ಗಂಟೆ ಹೊಡೆದಾಗ ಅತ್ತೆ ಸೊಂಟದ ಮೇಲೆ ಕೈಯಿಟ್ಟು, ಈ ಪ್ಲೇನು ಯಾವಾಗ ಇಳಿಯುತ್ತದೆ, ನನಗೆ ಸಾರಿಗೆ ಒಗ್ಗರಣೆ ಹಾಕಬೇಕು ಎಂದರು. ಬೀದಿಯ ಹೆಂಗಸರು ಸರದಿಯಲ್ಲಿ ನಿಂತರು. ನಮ್ಮ ಬೀದಿಯಲ್ಲಿ ಆ ವಾರ ಅರ್ಧಕ್ಕರ್ಧ ಜನ ವಿಮಾನ ಹತ್ತಿ ಇಳಿದರು. ಮಾವ ಪೆಡಲು ತಿರುವಿ ತಿರುವಿ ಬೆವರಿದರು. ನನಗೂ ಹೋಗೋಣ ಅನ್ನಿಸಿತು.

ಮದ್ರಾಸಿನಲ್ಲಿ ವಿಮಾನದ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತಾಗಿತ್ತು. ಟಪ್ ಎಂದು ಲೈಟುಗಳೆಲ್ಲ ಮಿಣುಕಿದವು. ಪಕ್ಕದಲ್ಲಿದ್ದ ತಮಿಳು ಅಜ್ಜಿ ನನ್ನ ತೋಳು ಹಿಡಿದು ಮುರುಗನನ್ನು ಕರೆದರು. “ಒಣ್ಣುಮಿಲ್ಲೆ ಪಾಟಿ, ಕರೆಂಟ್ ಮಾತ್ತುರಾಂಗ,” ಎಂದೆ. ಏನಿಲ್ಲ, ಕರೆಂಟು ಬದಲಾಯಿಸುತ್ತಿದ್ದಾರೆ ಎಂದು. ಅಜ್ಜಿ ನನ್ನನ್ನು ವಿಮಾನದಲ್ಲೇ ಹುಟ್ಟಿದವಳ ಹಾಗೆ ನೋಡಿದರು. ಮೇಲೇರಿದ ಮೇಲೆ ಗುಂಡಿ ಒತ್ತಿದೆ. ಬಿಸಿನೀರು ಬಂತು. ಮಗಳು ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದು, ಕಿಟಕಿಯ ಮೋಡ ನೋಡುತ್ತ ಕೊನೆಯ ಹನಿಯವರೆಗೂ ಕುಡಿದಳು. ಮಸ್ಕತ್ತಿನಲ್ಲಿ ಅವಳ ಅಪ್ಪ ಅವಳನ್ನು ಎತ್ತಿಕೊಂಡವರು ಮನೆ ಸೇರುವವರೆಗೆ ಇಳಿಸಲಿಲ್ಲ.

ಮೂರು ತಿಂಗಳ ನಂತರ ಊರಿಗೆ ಬಂದಾಗ ಮಾವ ಜಗಲಿಯಲ್ಲೇ ಕಾಯುತ್ತಿದ್ದರು. ಎಲ್ಲ ಕೇಳಿದರು. ಓದುವ ಲೈಟು ಮಡಿಲಿಗೆ ಬಿತ್ತೋ ಮುಖಕ್ಕೋ? ನಲ್ಲಿಯ ನೀರು ಎಷ್ಟು ಬೆಚ್ಚಗಿತ್ತು? ನನ್ನ ಹಿಂದಿನ ಸೀಟಿನ ಲೈಟು ಹತ್ತಲಿಲ್ಲ ಎಂದಾಗ, ತಾವೇ ತಪ್ಪು ಮಾಡಿದವರಂತೆ ತುಟಿ ಕಚ್ಚಿದರು. ಕೊನೆಗೆ, ಮೋಡದ ಮೇಲೆ ಹಾರುವಾಗ ಒಳಗಿನ ಎಲ್ಲ ದೀಪ ಆರಿಸಿ ಒಂದೇ ಒಂದು ಓದುವ ಲೈಟು ಹತ್ತಿದ್ದರೆ ಅದು ಹೇಗೆ ಕಾಣುತ್ತದೆ ಎಂದು ಕೇಳಿದರು.

ನಿಮಗೆ ಗೊತ್ತಿಲ್ಲವೇ ಎಂದೆ. ಅವರು ಬೀದಿಯ ಕಡೆ ತಿರುಗಿದರು. ಅತ್ತೆ ಒಳಗಿನಿಂದಲೇ ಹೇಳಿದರು: “ಅವರೆಲ್ಲಿ ಏರವ್ರೆ? ವರುಸ ವರುಸ ಕಂಪ್ನಿಯಿಂದ ಇಬ್ರಿಗೂ ಬಿಟ್ಟಿ ಪಾಸು ಬರ್ತೈತೆ. ಒಂದು ದಿವ್ಸಾನೂ ನೆಲ ಬಿಟ್ಟಿಲ್ಲ.”

ಮಾವ ಮೊಣಕಾಲಿನ ಜಡ್ಡನ್ನು ಸವರಿಕೊಂಡರು. “ಕೂತ್ಕೊಂಡು ಓಗೋನಿಗೆ ಸೀಟು ಒಂದೇ ಕಾಣೋದು. ನನಗೆ ಅದರಡಿ ಒಂದೊಂದು ತಂತೀನೂ ಕಾಣ್ತದಲ್ಲಮ್ಮ. ಅದಕ್ಕೇ ಭಯ.”

ಮುಂದಿನ ವರ್ಷ ನನ್ನ ಗಂಡ ರಜೆಗೆ ಬಂದಾಗ ಮಾವನನ್ನು ಬಿಡಲಿಲ್ಲ. ಮನೆ ಬಾಗಿಲಲ್ಲೇ ಬಸ್ಸು ಹತ್ತಿದರೆ ಧರ್ಮಪುರಿ ದಾಟಿ ಬೆಂಗಳೂರು ಸೇರಬಹುದಾದ ಜನ, ನಾವು ಇತ್ತ ತಿರುಗಿ ಮದ್ರಾಸಿಗೆ ಹೋಗಿ, ಅಲ್ಲಿಂದ ವಿಮಾನದಲ್ಲಿ ಬೆಂಗಳೂರಿಗೆ ಹಾರಿದೆವು. ಊರೆಲ್ಲ ನಕ್ಕಿತು. ಹತ್ತಿದೊಡನೆ ಮಾವ ಮೊಣಕಾಲೂರಿ ಸೀಟಿನ ಅಡಿ ಇಣುಕಿದರು. ಏನು ಬಿತ್ತು ಎಂದು ಗಗನಸಖಿ ಕೇಳಿದಳು. ಎಲ್ಲ ಸರಿಯಾಗಿದೆ ಎಂದು ಅವಳಿಗೇ ಧೈರ್ಯ ಹೇಳಿ ಎದ್ದರು. ವಿಮಾನ ಓಡತೊಡಗಿದಾಗ ಕಣ್ಣು ಮುಚ್ಚಿ ನನ್ನ ಗಂಡನ ಕೈ ಹಿಡಿದವರು, ಒಂದೊಂದು ಸದ್ದಿಗೂ ಅದು ಏನೆಂದು ಪಿಸುಗುಟ್ಟುತ್ತಿದ್ದರು.

ಅತ್ತೆ ಮಾತ್ರ ಗುಂಡಿ ಒತ್ತಿ ರಾಣಿಯ ಹಾಗೆ ಕಾಫಿ ತರಿಸಿದರು. ಒಂದು ಗುಟುಕು ಕುಡಿದು ಲೋಟವನ್ನು ಮಾವನ ಕಡೆ ಚಾಚಿದರು. “ಕುಡೀರಿ. ನೀವು ಕಟ್ಟಿದ ತಂತೀಲೇ ಕಾದಿರೋದು.”

ಮಾವ ಕಣ್ಣು ತೆರೆದರು. ಕುಡಿದರು. ಸಕ್ಕರೆ ಸಾಲದು ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿದವರು ಬೆಂಗಳೂರು ಬರುವವರೆಗೆ ಮುಖ ಈಚೆ ತಿರುಗಿಸಲಿಲ್ಲ.

ಅಲ್ಲಿಂದ ಮುಂದೆ ಒಂದು ವರ್ಷದ ಪಾಸೂ ವ್ಯರ್ಥವಾಗಲಿಲ್ಲ. ದಿಲ್ಲಿ, ಕಲ್ಕತ್ತಾ, ಕೊಚ್ಚಿ ಎಂದು ಗಂಡ ಹೆಂಡತಿ ಹೋಗಿ ಬರುತ್ತಿದ್ದರು. ಪ್ರತಿಸಲವೂ ಹೊರಡುವ ಮುನ್ನ ಮಾವನಿಗೆ ಹೊಟ್ಟೆನೋವು ಬರುತ್ತಿತ್ತು, ಪ್ರತಿಸಲವೂ ಹೋಗುತ್ತಿದ್ದರು. ನಾನು ಈಗ ಎಷ್ಟೋ ಕಡೆ ಒಬ್ಬಳೇ ಓಡಾಡುತ್ತೇನೆ. ಆ ಜಗಲಿಯ ಮೇಲೆ ಅವರು ನನ್ನ ಭಯವನ್ನು ನೋಡಿ ನಕ್ಕಿದ್ದರೆ ನಾನು ಮನೆಯ ಹೊಸಿಲು ದಾಟುತ್ತಿರಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದ ಮಾವ ಏಳಲಿಲ್ಲ. ಸುದ್ದಿ ಕೇಳಿ ಓಡಿಹೋದಾಗ ಅತ್ತೆ ಬಂದವರಿಗೆಲ್ಲ ತಾವು ನೋಡಿದ ಊರುಗಳ ಹೆಸರು ಹೇಳುತ್ತಿದ್ದರು. ನನ್ನನ್ನು ಕಂಡು ಪಕ್ಕಕ್ಕೆ ಕೂರಿಸಿಕೊಂಡರು. ಅಳು ಇರಲಿಲ್ಲ, ಮುಖದಲ್ಲಿ ಏನೋ ಹೆಮ್ಮೆಯಿತ್ತು.

“ಎದರ್ಕೊಂಡೇ,” ಎಂದರು, “ಎಲ್ಲಾ ಕಡೀಕೂ ಕರ್ಕೊಂಡೋದ್ರು ಕಣಮ್ಮ.”