ಅಕ್ಕನ ಕೌದಿಯೂ ನನ್ನ ಮೊದಲ ಪುಟವೂ

ತೊಂಬತ್ತರ ದಶಕದಲ್ಲಿ ಪುಣೆಗೆ ಬಂದ ಹೊಸದರಲ್ಲಿ ನನಗೆ ಸಿಕ್ಕ ಕೆಲಸ ಅಂಗಡಿಗಳ ಹೆಸರು ಬರೆದುಕೊಳ್ಳುವುದು. ವ್ಯಾಪಾರಿಗಳ ಫೋನ್ ನಂಬರುಗಳ ದಪ್ಪ ಪುಸ್ತಕವೊಂದನ್ನು ಅಚ್ಚು ಹಾಕಿಸುವ ಪುಟ್ಟ ಕಚೇರಿ ಅದು. ಪುಸ್ತಕದಲ್ಲಿ ಹೆಸರುಗಳು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಬರುತ್ತಿದ್ದವು. ಎಲ್ಲರಿಗಿಂತ ಮೊದಲು ಕಾಣಬೇಕೆಂಬ ಆಸೆಗೆ ಜನ ಹೆಸರಿನ ಮುಂದೆ ಮೂರು ನಾಲ್ಕು 'ಎ' ಸೇರಿಸಿಕೊಂಡು ಬರುತ್ತಿದ್ದರು. ನಲ್ಲಿ ರಿಪೇರಿಯವನೊಬ್ಬ ಐದು 'ಎ' ಹಾಕಿಸಿದ. ಮರುವರ್ಷ ಅವನ ಎದುರಾಳಿ ಬಂದು ಆರು ಹಾಕಿಸಿದ. ನಾನು ಗಂಭೀರವಾಗಿ ಬರೆದುಕೊಂಡು, ಅವರು ಹೋದ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಹತ್ತು ವರ್ಷ ಕಳೆಯುವಷ್ಟರಲ್ಲಿ ನಾನೇ ಆ ನಲ್ಲಿ ರಿಪೇರಿಯವನಂತಾಗಿದ್ದೆ. ದಪ್ಪ ಪುಸ್ತಕವನ್ನು ಯಾರೂ ಕೇಳದ ಕಾಲ ಬಂತು. ನಾನು ಕಂಪ್ಯೂಟರ್ ಕಲಿತು, ಧನಕವಡಿಯ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಮೇಜು ಹಾಕಿಕೊಂಡು ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಡತೊಡಗಿದೆ. ಬಸ್ ಟಿಕೆಟ್ ಏಜೆಂಟರು, ಗಾದಿ ಅಂಗಡಿಯವರು, ಮಂಗಳೂರು ಕಡೆಯ ಒಬ್ಬ ಹೋಟೆಲಿನವರು. ಎಲ್ಲರದೂ ಒಂದೇ ಬೇಡಿಕೆ: ಇಂಟರ್ನೆಟ್ಟಿನಲ್ಲಿ ಹುಡುಕಿದರೆ ನಮ್ಮದು ಮೊದಲ ಪುಟದಲ್ಲಿ ಬರಬೇಕು. ಅದಕ್ಕೆ ನನ್ನ ಬಳಿ ಸಲಹೆಗಳ ಮೂಟೆಯೇ ಇತ್ತು. 'ಗಾದಿ' ಎನ್ನುವುದನ್ನು ಒಂದೇ ಪುಟದಲ್ಲಿ ಇಪ್ಪತ್ತು ಸಲ ಬರೆಯಿರಿ. ಬಿಳಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರಗಳಲ್ಲಿ ಇನ್ನೂ ನೂರು ಸಲ ಬರೆಯಿರಿ, ಮನುಷ್ಯರಿಗೆ ಕಾಣುವುದಿಲ್ಲ, ಹುಡುಕುವ ಯಂತ್ರ ಓದಿಕೊಳ್ಳುತ್ತದೆ. ಇದನ್ನೆಲ್ಲ ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಹೇಳುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಆಗುತ್ತಿರಲಿಲ್ಲ.

ಆ ದಿನಗಳಲ್ಲೇ ಅಕ್ಕ ನಮ್ಮ ಮನೆಗೆ ಬಂದಳು. ಭಾವ ಕುರಕುಂಭದ ಕೆಮಿಕಲ್ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಅವರು ತೀರಿಕೊಂಡು ವರ್ಷ ತುಂಬಿತ್ತು, ಮಕ್ಕಳಿರಲಿಲ್ಲ. ನಾಗರ ಪಂಚಮಿಗೆ ಅಕ್ಕತಂಗಿಯರನ್ನು ತವರಿಗೆ ಕರೆತರುವುದು ನಮ್ಮ ಕಡೆಯ ರೂಢಿ. ಅಪ್ಪ ಅವ್ವ ಇಲ್ಲದ ಮೇಲೆ ಅಕ್ಕನ ತವರು ಎಂದರೆ ನನ್ನ ಮನೆಯೇ. ನಾನು ಹೋಗಿ ಕರೆತಂದೆ. ಪಂಚಮಿಯ ಉಂಡಿ ಮುಗಿದರೂ ಅವಳು ಹೊರಡುವ ಮಾತೆತ್ತಲಿಲ್ಲ, ನಾವೂ ಎತ್ತಲಿಲ್ಲ.

ಭಾವನ ತಮ್ಮ ಇಂದಾಪುರದಲ್ಲಿ ಕಬ್ಬಿನ ಹೊಲ ನೋಡಿಕೊಂಡಿದ್ದ. ಸೊಲ್ಲಾಪುರದ ಕಡೆಯಿಂದ ಹೋಗಿ ನೆಲೆಸಿದ ಮನೆತನ ಅದು, ಮನೆಯೊಳಗೆ ಇನ್ನೂ ಕನ್ನಡವೇ. ಅಕ್ಕ ಅಲ್ಲಿಗೆ ಬಂದು ಇರಬೇಕೆಂಬುದು ಅವನ ಹಟ. ಕೆಟ್ಟವನಲ್ಲ. ಅಣ್ಣನ ಹೆಂಡತಿ ಊರೂರು ಅಲೆಯಬಾರದು, ನಮ್ಮ ಮನೆಯ ಅನ್ನ ಉಣ್ಣಬೇಕು ಎನ್ನುವವನು. ಅಲ್ಲಿ ಅನ್ನಕ್ಕೆ ಕೊರತೆ ಇರಲಿಲ್ಲ ನಿಜ. ಆದರೆ ಹದಿನಾಲ್ಕು ಜನರ ಅಡುಗೆಮನೆ ಹೊಕ್ಕರೆ ಅಕ್ಕ ಮತ್ತೆ ಸೂಜಿ ಹಿಡಿಯುವುದು ಸಾಧ್ಯವಿರಲಿಲ್ಲ. ಅವಳಿಗೆ ಸೂಜಿ ಬಿಟ್ಟರೆ ಬೇರೆ ಜೀವವೇ ಇರಲಿಲ್ಲ.

ಅಕ್ಕ ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ನಡುವಿಗೆ ಸಾಲುಸಾಲು ಟಾಕಿ, ಅಂದರೆ ಕೈಹೊಲಿಗೆ, ಹಾಕಿ ಮಾಡುವ ಹೊದಿಕೆ. ಪುಣೆಯವರು ಅದನ್ನೇ ಗೋಧಡಿ ಎನ್ನುತ್ತಾರೆ.

"ತಮ್ಮಾ, ನಿನ್ನ ಮನ್ಯಾಗ ಕುಂತು ಉಣ್ಣಾಕಿ ನಾ ಅಲ್ಲ," ಎಂದಳು ಒಂದು ದಿನ. "ಕೌದಿ ಹೊಲ್ಯಾಕ ಮಂದಿ ಬಂದ್ರ ಇಲ್ಲೇ ಒಂದು ಖೋಲಿ ಹಿಡದು ಇರ್ತೀನಿ. ದೀಪಾವಳಿ ತನಕ ನೋಡೂಣು. ಬರಲಿಲ್ಲಂದ್ರ ಮೈದುನನ ಜೋಡಿ ಇಂದಾಪುರಕ್ಕ ಹೋಗ್ತೀನಿ. ಅತ್ತು ಕರೆದು ಮಾಡಬ್ಯಾಡ್ರಿ."

ನಾನು ಎದೆ ತಟ್ಟಿಕೊಂಡೆ. ಪುಣೆಯ ಗಾದಿಗಳನ್ನೆಲ್ಲ ಮೊದಲ ಪುಟಕ್ಕೆ ತಂದವನಿಗೆ ಅಕ್ಕನ ಕೌದಿ ಯಾವ ಲೆಕ್ಕ? ಎರಡೇ ದಿನಕ್ಕೆ ಇಂಗ್ಲಿಷಿನಲ್ಲಿ ಪುಟ ಸಿದ್ಧವಾಯಿತು. ಜನ ಯಾವ ಪದಗಳನ್ನು ಹೆಚ್ಚು ಹುಡುಕುತ್ತಾರೆಂದು ನೋಡಿ, ಹೊಸ ಹತ್ತಿ, ಉತ್ತಮ ದರ್ಜೆ, ರಫ್ತು ಗುಣಮಟ್ಟ ಎಂದೆಲ್ಲ ತುಂಬಿದೆ. ದಪ್ಪ ಅಕ್ಷರಗಳಲ್ಲಿ ಒಂದು ಸಾಲನ್ನೂ ಸೇರಿಸಿದೆ: ಹೊಚ್ಚಹೊಸ ಬಟ್ಟೆ ಮಾತ್ರ, ಹಳೆಯ ಬಟ್ಟೆ ಬಳಸುವುದಿಲ್ಲ.

ಆ ಸಾಲು ಯಾವ ಯಂತ್ರವೂ ಹೇಳಿಕೊಟ್ಟದ್ದಲ್ಲ. ಕೆಲಸಕ್ಕೆಂದು ಪುಣೆಗೆ ಬಂದು ಹಾಸ್ಟೆಲಿಗೆ ಸೇರಿದಾಗ ಅವ್ವ ಹೊಲಿದ ಕೌದಿ ತಂದಿದ್ದೆ. ಉಳಿದವರ ಮಂಚದ ಮೇಲೆ ಸೊಲ್ಲಾಪುರದ ಹೊಸ ಚಾದರಗಳು, ನನ್ನದರ ಮೇಲೆ ಅಪ್ಪನ ಧೋತರ, ಅವ್ವನ ಸೀರೆ. ಒಬ್ಬ "ಇದೇನು ಚಿಂದಿ?" ಎಂದ. ಅಷ್ಟೇ. ಮೂರು ವರ್ಷ ನಾನು ಆ ಕೌದಿಯನ್ನು ಗಾದಿಯ ಕೆಳಗೆ ಮಡಚಿಟ್ಟು ಚಳಿಯಲ್ಲಿ ನಡುಗಿದೆ. ಅಕ್ಕನಿಗೆ ಅದೇ ಮಾತು ಕೇಳುವ ಪಾಳಿ ಬರಬಾರದೆಂದು ಆ ಸಾಲು ಬರೆದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನಾಚಿಕೆ ನನ್ನದೇ ಆಗಿತ್ತು.

ಗಣಪತಿ ಹಬ್ಬ ಹೋಯಿತು, ಪುಟಕ್ಕೆ ಯಾರೂ ಬರಲಿಲ್ಲ. ಎಷ್ಟು ಜನ ಬಂದರೆಂದು ತೋರಿಸುವ ಅಂಕಿಯೊಂದನ್ನು ಪುಟದ ಕೆಳಗೆ ಹಾಕಿದ್ದೆ. ಅದು ಏರುತ್ತಿತ್ತು, ಆದರೆ ಏರಿಸುತ್ತಿದ್ದವನು ದಿನಕ್ಕೆ ಹತ್ತು ಸಲ ತೆರೆದು ನೋಡುತ್ತಿದ್ದ ನಾನೇ. ಅಕ್ಕ ಮಾದರಿಗೆಂದು ಹೊಲಿದಿದ್ದ ಒಂದೇ ಕೌದಿಯನ್ನು ಬಿಸಿಲಿಗೆ ಹಾಕುತ್ತಿದ್ದಳು, ಸಂಜೆ ಮಡಚಿಡುತ್ತಿದ್ದಳು. ಅದನ್ನು ನೋಡಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಆ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಳ್ಳುತ್ತಿದ್ದೆ.

ನವರಾತ್ರಿಯ ಹೊತ್ತಿಗೆ ಕಾತ್ರಜ್ ಕಡೆಯಿಂದ ಒಬ್ಬ ಹೆಂಗಸು ಪುಟ ನೋಡಿಕೊಂಡು ಮನೆಗೇ ಬಂದಳು. ಮಗಳ ಹೆರಿಗೆ ಹತ್ತಿರವಿತ್ತಂತೆ, ಕೂಸಿಗೆ ಗೋಧಡಿ ಬೇಕಿತ್ತಂತೆ. ಕೈಚೀಲದಿಂದ ಅಂಗಡಿಯ ಹೊಳಪು ಮಾಸದ ಹೊಸ ಬಟ್ಟೆ ತೆಗೆದಿಟ್ಟಳು. ಅಕ್ಕ ಬಟ್ಟೆಯನ್ನು ಬೆರಳಿನಿಂದ ತಿಕ್ಕಿ ನೋಡಿ, ತನ್ನ ಮುರುಕು ಮರಾಠಿಯಲ್ಲಿ, ಹಸುಗೂಸಿಗೆ ಯಾರಾದರೂ ಹೊಸ ಬಟ್ಟೆ ಹೊದಿಸುತ್ತಾರೆಯೇ, ಮೈ ಚುಚ್ಚುವುದಿಲ್ಲವೇ, ಮನೆಯಲ್ಲಿ ಅಜ್ಜಿಯ ಮೆತ್ತನೆಯ ಹಳೆಯ ಸೀರೆ ಒಂದೂ ಇಲ್ಲವೇ ಎಂದು ಕೇಳಿದಳು. ಆ ಹೆಂಗಸು ನನ್ನ ಕಡೆ ತಿರುಗಿದಳು. ಬೇಕಾದಷ್ಟಿವೆ, ನಮ್ಮ ಅಮ್ಮನ ಸೀರೆಗಳನ್ನು ಇದಕ್ಕೆಂದೇ ಎತ್ತಿಟ್ಟಿದ್ದೆ, ಹಳೆಯದನ್ನು ಮುಟ್ಟುವುದಿಲ್ಲ ಎಂದು ನೀವೇ ಬರೆದಿದ್ದೀರಲ್ಲ ಎಂದಳು.

ಅವಳು ಸೀರೆ ತರಲು ಹೋದ ಮೇಲೆ ಅಕ್ಕ ನನ್ನ ಎದುರು ಕುಳಿತಳು.

"ಏನಂತ ಬರದೀ ನನ್ನ ಬಗ್ಗೆ? ಓದು."

ಓದಿದೆ. ಒಂದೊಂದು ಸಾಲಿನ ಅರ್ಥ ಹೇಳುತ್ತ ಹೋದಂತೆ ನನ್ನ ದನಿ ಸಣ್ಣದಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ, "ಇದನ್ನ ಓದಿದ್ರ ಅಕ್ಕಾರು ಮಿಲ್ಲಿನ್ಯಾಗ ಕೆಲಸಕ್ಕ ಹೋಗ್ತಾರ ಅನಸ್ತದ್ರಿ," ಎಂದಳು.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಹಳಿ ಸೀರಿ ಬಿಟ್ರ ನಾ ಮಾಡೂದರ ಏನದ ತಮ್ಮಾ? ನೀನೂ ಅದರಾಗ ಮಲಗಿ ಬೆಳದಾಂವ," ಎಂದಳು. ಕಣ್ಣಲ್ಲಿ ನೀರು ತುಂಬಿತ್ತು.

ಅಂದು ಮಧ್ಯಾಹ್ನವೇ ಪುಟವನ್ನು ಪೂರ್ತಿ ಅಳಿಸಿದೆ. ಬಿಳಿ ಅಕ್ಷರಗಳೂ ಹೋದವು, ರಫ್ತು ಗುಣಮಟ್ಟವೂ ಹೋಯಿತು. ಕುರಕುಂಭದಲ್ಲಿದ್ದಾಗ ಹೆಂಗಸರು ನಿನ್ನ ಬಳಿ ಬಂದು ಏನು ಕೇಳುತ್ತಿದ್ದರು, ಅದನ್ನೇ ಹೇಳು ಎಂದೆ. ಅಕ್ಕ ಹೇಳತೊಡಗಿದಳು.

"ಅವ್ವ ಹೋಗ್ಯಾಳ, ಸೀರಿ ಉಡಾಕ ಮನಸಿಲ್ಲ, ಒಗ್ಯಾಕೂ ಮನಸಿಲ್ಲ, ಏನ್ ಮಾಡ್ಲಿ ಅಂತ ಕೇಳ್ತಾರ. ಒಂದು ಕೌದಿಗೆ ಎಷ್ಟು ಸೀರಿ ಬೇಕು ಅಂತಾರ. ಹರದಿದ್ದು ನಡೀತದೇನು ಅಂತಾರ. ರೇಷ್ಮಿ ಬ್ಯಾಡ ಅಂತ ಬರಿ, ಜಾರ್ತದ, ಟಾಕಿ ನಿಲ್ಲೂದಿಲ್ಲ."

ಅವಳು ಹೇಳಿದ ಪ್ರಶ್ನೆಗಳನ್ನು ಹಾಗೆಯೇ ಬರೆದು, ಪ್ರತಿಯೊಂದರ ಕೆಳಗೂ ಅವಳ ಉತ್ತರ ಹಾಕಿದೆ. ಕೌದಿ, ಗೋಧಡಿ ಎರಡೂ ಹೆಸರುಗಳು ಬಂದವು. ಪುಣೆಯಲ್ಲಿ ಎಲ್ಲಿ ಬರಬೇಕೆಂಬುದೂ ಬಂತು. ಕೊನೆಗೆ ಅಕ್ಕ ತುತ್ತಿನ ವಿಷಯ ಹೇಳಿದಳು. ಕೌದಿಯ ಎಲ್ಲ ಅಂಚು ಹೊಲಿದ ಮೇಲೆ ಒಂದು ಮೂಲೆಯನ್ನು ತೆರೆದೇ ಬಿಡುತ್ತಾರೆ. ಅದರೊಳಗೆ ಚಪಾತಿಯ ಚೂರು, ಚಿಟಿಕೆ ಬೆಲ್ಲ ಇಟ್ಟು ಆಮೇಲೆ ಮುಚ್ಚುತ್ತಾರೆ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿಯಬಾರದು.

"ಇದನ್ನ ನನಗ ಕಲಿಸಿದಾಕಿ ನಮ್ಮತ್ತಿ ಅಂತ ಬರಿ," ಎಂದಳು ಅಕ್ಕ. "ಸೂಜಿ ಹೆಂಗ ಹಿಡೀಬೇಕು ಅನ್ನೂದೂ ಅವರ ಕಲಿಸಿದ್ರು. ಹೊಸದಾಗಿ ಗಂಡನ ಮನಿಗೆ ಬಂದಾಗ ನಾ ಅಳಕೋತ ಕುಂತಿರ್ತಿದ್ನಿ. ಬಾಜೂಕ ಕುಂದರಿಸಿಕೊಂಡು ಒಂದೊಂದ ಟಾಕಿ ಹಾಕಿಸ್ತಿದ್ರು."

ಅಕ್ಕನ ಅತ್ತೆ ಭಾವನಿಗಿಂತ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಅವಳು ಅವರ ಬಗ್ಗೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಹೇಳಿದ್ದನ್ನೆಲ್ಲ ಬರೆದೆ. ಮೇಲೆ ಅಕ್ಕನ ಕೈಗಳ ಒಂದು ಫೋಟೋ ಹಾಕಿದೆ, ಮುಖ ಬೇಡವೆಂದಳು.

ನನ್ನ ಕಸುಬಿನ ಸಲಹೆಗಳೆಲ್ಲ ಅಂದಿನಿಂದ ಬದಲಾದವು. ಗಾದಿ ಅಂಗಡಿಯವರಿಗೆ ಫೋನ್ ಮಾಡಿ, ಗಿರಾಕಿಗಳು ಅಂಗಡಿಗೆ ಬಂದು ಬಾಯಿಬಿಟ್ಟು ಏನು ಕೇಳುತ್ತಾರೆ ಅದನ್ನು ಬರೆದಿಡಿ, ಅದನ್ನೇ ಪುಟಕ್ಕೆ ಹಾಕೋಣ ಎಂದೆ. ಅವರಿಗೆ ನನಗೆ ಏನೋ ಆಗಿದೆ ಅನ್ನಿಸಿರಬೇಕು.

ಆದರೆ ಇಂಥದ್ದೆಲ್ಲ ನಿಧಾನದ ಕೆಲಸ. ಹೊಸ ಪುಟವನ್ನು ಯಂತ್ರ ಓದಿ ಮೇಲಕ್ಕೆ ತರಲು ವಾರಗಳು ಬೇಕು, ದೀಪಾವಳಿ ಕಾಯುವುದಿಲ್ಲ. ಕಾತ್ರಜ್‌ನ ಹೆಂಗಸಿನ ಕೌದಿ ಮುಗಿಯಿತು. ಅವಳ ನೆಂಟರದ್ದೊಂದು ಬಂತು, ಔಂಧ್ ಕಡೆಯಿಂದ ಒಂದು ಬಂತು. ಅಷ್ಟೇ. ಮೂರು ಕೌದಿಗೆ ಯಾರೂ ಖೋಲಿ ಹಿಡಿಯುವುದಿಲ್ಲ. ಇನ್ನೊಂದು ತಿಂಗಳು ನೋಡೋಣ ಎಂದು ನಾನು ಅಂಗಲಾಚಿದೆ. ಅಕ್ಕ ಆಡಿದ ಮಾತು ತಪ್ಪುವವಳಲ್ಲ. ಬಲಿಪಾಡ್ಯಮಿ ಮುಗಿದ ಮರುದಿನ ಬರುತ್ತೇನೆ ಎಂದು ಮೈದುನ ಫೋನ್ ಮಾಡಿದ. ಅಕ್ಕ ತನ್ನ ಸೀರೆಗಳನ್ನು ಟ್ರಂಕಿನಲ್ಲಿಟ್ಟಳು. ಸೂಜಿಡಬ್ಬಿಯನ್ನು ನನ್ನ ಹೆಂಡತಿಯ ಕೈಗೆ ಕೊಟ್ಟು, "ಅಲ್ಲಿ ಒಯ್ದು ಏನ್ ಮಾಡ್ಲಿ, ಇಲ್ಲೇ ಇರಲಿ," ಎಂದಳು. ಹೆಂಡತಿ ಡಬ್ಬಿ ಹಿಡಿದುಕೊಂಡೇ ಒಳಗೆ ಹೋಗಿ ಅತ್ತಳು.

ಮೈದುನ ಬೆಳಗಿನ ಎಸ್‌ಟಿ ಬಸ್ಸಿಗೆ ಬಂದ. ಹೆಗಲಿನಲ್ಲಿ ದೊಡ್ಡದೊಂದು ಚೀಲ. ಅಕ್ಕನ ಸಾಮಾನು ತುಂಬಿಕೊಳ್ಳಲು ತಂದಿದ್ದಾನೆಂದುಕೊಂಡೆ. ಆದರೆ ಚೀಲ ಆಗಲೇ ತುಂಬಿತ್ತು. ಅವನು ನೀರು ಕುಡಿದ, ಚಹಾ ಬೇಡ ಎಂದ. ಅಕ್ಕ ಸೆರಗು ಹೊದ್ದು ಬಂದು ಟ್ರಂಕಿನ ಪಕ್ಕ ನಿಂತಳು.

"ವೈನಿ, ಕುಂದರ್ರಿ," ಎಂದು ಅವನು ಅತ್ತಿಗೆಗೆ ಹೇಳಿ ಚೀಲದ ಬಾಯಿ ಬಿಚ್ಚಿದ. ಒಳಗೆ ಹಳೆಯ ಸೀರೆಗಳು. ಕಡುಹಸಿರು, ಈರುಳ್ಳಿ ಬಣ್ಣ, ಅಂಚು ಸವೆದ ಕಪ್ಪು ಚಂದ್ರಕಾಳಿ ಸೀರೆ. ಅಕ್ಕ ಆ ಕಪ್ಪು ಸೀರೆಯನ್ನು ನೋಡಿದ್ದೇ ಬಾಯಿಗೆ ಸೆರಗು ಒತ್ತಿಕೊಂಡಳು.

"ನನ್ನ ಮಗಳು ಹಾಸ್ಟೆಲಿಗೆ ಹೊಂಟಾಳ್ರಿ," ಎಂದ ಅವನು, ನೆಲ ನೋಡುತ್ತ. "ಅಜ್ಜಿ ಸೀರಿ ಒಂದು ಗೋಧಡಿ ಮಾಡಿಸಿಕೊಡು ಅಂತ ಹಟ ಹಿಡದಳು. ಪುಣೆದಾಗ ಯಾರು ಹೊಲೀತಾರಂತ ಕಾಲೇಜಿನ ಕಂಪ್ಯೂಟರ್‌ನ್ಯಾಗ ಹುಡುಕ್ಯಾಳ. ಎಷ್ಟೋ ಹುಡುಕಿದ ಮ್ಯಾಲ ಒಂದ ಪುಟ ಬಂತಂತ. ಕಾಗದದ ಮ್ಯಾಲ ತಗಸ್ಕೊಂಡು ಬಂದು ನನಗ ಓದಿ ಹೇಳಿದಳು. ಕೈ ನೋಡಿದ ಕೂಡಲೆ ನಿಮ್ಮವು ಅಂತ ಗುರ್ತ ಹಿಡದ್ನಿ. ಮುಂದ ಅತ್ತಿ ಕಲಿಸ್ಯಾರ ಅನ್ನೂದು ಬಂತು. ನಮ್ಮವ್ವ ಇಷ್ಟು ಛಂದ ಯಾರಿಗರ ಕಲಸ್ಯಾಳ ಅಂತ ನನಗ ಗೊತ್ತ ಇರಲಿಲ್ರಿ."

ಅವನು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ನಾನು ಮಾಡಿದ ಪುಟ. ಮಡಿಕೆಗಳಲ್ಲಿ ಸವೆದುಹೋಗಿತ್ತು.

ಅಕ್ಕ ಮೆಲ್ಲಗೆ, "ಗಾಡಿ ಎಷ್ಟಕ್ಕದ?" ಎಂದಳು. ಅವಳಿನ್ನೂ ಹೊರಡುವ ಲೆಕ್ಕದಲ್ಲೇ ಇದ್ದಳು.

"ನಿಮ್ಮನ್ನ ಕರಕೊಂಡು ಹೋಗಾಕ ಬಂದಿಲ್ರಿ, ವೈನಿ," ಎಂದ ಅವನು. "ಅವ್ವನ್ನ ನಿಮ್ಮ ಹತ್ರ ಬಿಟ್ಟು ಹೋಗಾಕ ಬಂದೀನಿ."

ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಅಳುವುದನ್ನು ಅವನು ನೋಡಬಾರದೆಂದು ಅಷ್ಟೇ. ಹೆಂಡತಿ ಒಳಗಿನಿಂದ ಸೂಜಿಡಬ್ಬಿ ತಂದು ಅಕ್ಕನ ಮುಂದಿಟ್ಟಳು. ಅಕ್ಕ ಎಷ್ಟೋ ಹೊತ್ತು ಆ ಕಪ್ಪು ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಸವರಿದಳು. ಆಮೇಲೆ ಮೂಗೊರೆಸಿಕೊಂಡು, ಕಾತ್ರಜ್‌ನವಳನ್ನು ಕೇಳಿದ ಹಾಗೆಯೇ ಅವನನ್ನೂ ಕೇಳಿದಳು: ಉದ್ದ ಎಷ್ಟು ಬೇಕು, ಅಂಚಿಗೆ ಯಾವ ಬಣ್ಣ, ಯಾವಾಗ ಬೇಕು.

ಆ ಕೌದಿ ಮುಗಿಯಲು ಒಂದೂವರೆ ತಿಂಗಳು ಹಿಡಿಯಿತು. ಅಷ್ಟರಲ್ಲಿ ಪುಟ ಮೇಲೆ ಬಂದಿತ್ತು, ಇನ್ನೂ ನಾಲ್ಕಾರು ಮನೆಗಳ ಸೀರೆಗಳು ಬಂದಿದ್ದವು, ನಮ್ಮ ಹಿಂದಿನ ಓಣಿಯಲ್ಲಿ ಅಕ್ಕನಿಗೆ ಒಂದು ಖೋಲಿಯೂ ಸಿಕ್ಕಿತ್ತು. ಕೌದಿ ಒಯ್ಯಲು ಮೈದುನ ಬಂದಾಗ ಅಕ್ಕ ಒಂದು ಮೂಲೆಯನ್ನು ಮುಚ್ಚದೆ ಹಾಗೇ ಬಿಟ್ಟಿದ್ದಳು. ತಟ್ಟೆಯಲ್ಲಿ ಚಪಾತಿಯ ಚೂರು, ಬೆಲ್ಲ ಇಟ್ಟು ಅವನ ಮುಂದೆ ಸರಿಸಿದಳು.

"ನಾನ್ಯಾಕ್ರಿ? ಹೆಣ್ಮಕ್ಕಳ ಕೆಲಸ," ಎಂದ ಅವನು.

"ನಿಮ್ಮವ್ವಗ ನೀವ ಉಣಸ್ರಿ," ಎಂದಳು ಅಕ್ಕ.

ಅವನು ಕಬ್ಬು ಕಡಿದು ಒರಟಾದ ಬೆರಳುಗಳಿಂದ ತುತ್ತನ್ನು ಆ ಮೂಲೆಯೊಳಗೆ ಇಟ್ಟ. ಅಕ್ಕ ದಾರ ಪೋಣಿಸಿ ಮೂಲೆ ಹೊಲಿದಳು.